ಆಸ್ಪತ್ರೆ ಕಾನೂನಿನ ಒಂದು ಸಾಲು ಬದಲಾಗಬೇಕೆ? ಶಾಸಕರನ್ನು ಕಾಣುವವರಿಗೆ ಸಮಗ್ರ ಮಾರ್ಗದರ್ಶಿ

ಅಧಿವೇಶನ ಹತ್ತಿರ ಬಂದಾಗಲೆಲ್ಲ ದಾವಣಗೆರೆ, ಚಿತ್ರದುರ್ಗದ ಶಾಸಕರ ಮನೆಗಳ ಮುಂದೆ ಒಂದೇ ದೃಶ್ಯ ಕಾಣುತ್ತದೆ. ಐದಾರು ವೈದ್ಯರೋ, ನರ್ಸಿಂಗ್ ಹೋಂ ಮಾಲೀಕರೋ, ರೋಗಿಗಳ ಪರ ಕೆಲಸ ಮಾಡುವವರೋ ಶಾಲು, ಹಾರ, ಮನವಿ ಪತ್ರ ಹಿಡಿದು ಬರುತ್ತಾರೆ. ಶಾಸಕರು ಮನವಿಯ ಮೂಲೆಯಲ್ಲಿ ‘ಡಿ.ಎಚ್.ಒ., ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಸಹಿ ಹಾಕುತ್ತಾರೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಕೆಲಸ ಆಯಿತೆಂದು ಎಲ್ಲರೂ ನಂಬುತ್ತಾರೆ. ಆದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಕಾನೂನು ಬದಲಿಸುವ ಅಧಿಕಾರವೇ ಇಲ್ಲ. ಆ ಮನವಿ ಅವರ ಕಚೇರಿಯ ಕಡತದಲ್ಲಿ ಮಲಗುತ್ತದೆ, ಅತ್ತ ಮಸೂದೆ ಇದ್ದಂತೆಯೇ ಅಂಗೀಕಾರವಾಗುತ್ತದೆ.

ದಾವಣಗೆರೆಯ ಸಣ್ಣ ನರ್ಸಿಂಗ್ ಹೋಂ ಒಂದರ ಆಡಳಿತ ನೋಡಿಕೊಳ್ಳುವ ನಾನೂ ಇದೇ ತಪ್ಪು ಮಾಡಿದ್ದೇನೆ. ಒಮ್ಮೆ ಹನ್ನೊಂದು ಪುಟದ ಮನವಿ ಒಯ್ದಿದ್ದೆವು. ಶಾಸಕರು ಮೊದಲ ಪುಟ ಓದಿ, ಕೊನೆಯ ಪುಟ ತಿರುಗಿಸಿ ನೋಡಿ, “ಸದನದಲ್ಲಿ ನಾನು ಎದ್ದು ನಿಂತಾಗ ಇದರಲ್ಲಿ ಯಾವ ಸಾಲನ್ನು ಓದಬೇಕು, ಹೇಳಿ” ಎಂದು ಕೇಳಿದರು. ನಮ್ಮಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳುವ ದಾರಿ. ಆಸ್ಪತ್ರೆಯವರಿಗೂ ರೋಗಿಗಳ ಸಂಘಟನೆಗಳಿಗೂ ದಾರಿ ಒಂದೇ. ಹಂತಗಳ ಕ್ರಮವನ್ನು ಮಾತ್ರ ತಪ್ಪಿಸಬೇಡಿ.

ಮೊದಲೇ ಜೋಡಿಸಿಕೊಳ್ಳಬೇಕಾದವು

ಮಸೂದೆಯ ಅಧಿಕೃತ ಪ್ರತಿ, ಅದು ತಿದ್ದಲು ಹೊರಟಿರುವ ಮೂಲ ಕಾಯ್ದೆಯ ಪ್ರತಿ, ಆ ಕಾಯ್ದೆಯ ನಿಯಮಗಳು, ಒಂದು ನೋಟ್‌ಬುಕ್, ಅಚ್ಚುಕಟ್ಟಾಗಿ ಕನ್ನಡ ಟೈಪ್ ಮಾಡಬಲ್ಲ ಒಬ್ಬರು, ಕಾನೂನು ಓದಿದ ಒಬ್ಬರು. ಇಷ್ಟು ಸಾಕು. ವಕೀಲರನ್ನು ಕೊನೆಯಲ್ಲಿ ಸಹಿಗಾಗಿ ಹುಡುಕಬೇಡಿ, ಮೂರನೇ ಹಂತದಲ್ಲೇ ಅವರು ಜೊತೆಗಿರಬೇಕು.

ಹಂತ 1: ತೊಂದರೆ ಯಾವ ಕಾಗದದಲ್ಲಿದೆ ಎಂದು ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಆಸ್ಪತ್ರೆಯನ್ನು ಕಾಡುವ ಎಲ್ಲವೂ ‘ಕಾನೂನು’ ಎಂದೇ ನಮಗೆ ತೋರುತ್ತದೆ. ವಾಸ್ತವದಲ್ಲಿ ಅದು ಕಾಯ್ದೆಯ ಪ್ರಕರಣದಲ್ಲಿ (ಸೆಕ್ಷನ್) ಇರಬಹುದು, ಕಾಯ್ದೆಯಡಿ ಸರ್ಕಾರ ರಚಿಸಿದ ನಿಯಮದಲ್ಲಿರಬಹುದು, ಬರೀ ಸರ್ಕಾರಿ ಆದೇಶ ಅಥವಾ ಸುತ್ತೋಲೆಯಲ್ಲಿರಬಹುದು, ಇಲ್ಲವೇ ಯಾವ ಕಾಗದದಲ್ಲೂ ಇಲ್ಲದೆ ಸ್ಥಳೀಯ ಕಚೇರಿಯ ರೂಢಿಯಾಗಿರಬಹುದು. ಕಾಯ್ದೆಯನ್ನು ಬದಲಿಸುವುದು ಸದನ, ನಿಯಮವನ್ನು ಬದಲಿಸುವುದು ಇಲಾಖೆ. ಸುತ್ತೋಲೆಗೆ ಇಲಾಖೆಯ ಪ್ರಧಾನ ಕಾರ್ಯದರ್ಶಿ ಅಥವಾ ಆಯುಕ್ತರ ಮಟ್ಟದಲ್ಲಿ ಪರಿಹಾರವಿದೆ. ಸ್ಥಳೀಯ ರೂಢಿಗೆ ಜಿಲ್ಲಾಧಿಕಾರಿಗೆ ಒಂದು ಪತ್ರ ಸಾಕಾಗಬಹುದು.

ಉದಾಹರಣೆಗೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಪ್ಯಾಕೇಜ್ ದರ ಸಾಲುತ್ತಿಲ್ಲ ಎಂಬ ದೂರನ್ನು ಮಸೂದೆಯ ಚರ್ಚೆಗೆ ತಂದರೆ ಪ್ರಯೋಜನವಿಲ್ಲ. ಆ ದರಗಳು ಯಾವ ಕಾಯ್ದೆಯಲ್ಲೂ ಬರೆದಿಲ್ಲ, ಸರ್ಕಾರದ ಆದೇಶಗಳ ಮೂಲಕ ಬಂದಿವೆ.

ಎರಡನೆಯ ವಿಂಗಡಣೆ ರಾಜ್ಯ ಮತ್ತು ಕೇಂದ್ರದ್ದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯಪಟ್ಟಿಯ 6ನೇ ನಮೂದು. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ನಿಯಂತ್ರಣಕ್ಕೆ ನಮ್ಮಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನಾವೆಲ್ಲ ಕೆ.ಪಿ.ಎಂ.ಇ. ಎನ್ನುವುದು ಇದನ್ನೇ. ಅದಕ್ಕೆ ಶಾಸಕರು ಬೇಕು. ಸ್ಕ್ಯಾನಿಂಗ್ ಯಂತ್ರಕ್ಕೆ ಸಂಬಂಧಿಸಿದ 1994ರ ಲಿಂಗ ಪತ್ತೆ ನಿಷೇಧ ಕಾಯ್ದೆ, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಕೇಂದ್ರದವು. ಅವುಗಳಿಗೆ ದಾವಣಗೆರೆ ಅಥವಾ ಚಿತ್ರದುರ್ಗದ ಸಂಸದರನ್ನು ಕಾಣಬೇಕು. ಸ್ಕ್ಯಾನಿಂಗ್ ವಿಷಯ ಹಿಡಿದು ಶಾಸಕರ ಮನೆಗೆ ಎರಡು ವರ್ಷ ಅಲೆದವರನ್ನು ನಾನು ಕಂಡಿದ್ದೇನೆ.

ಹಂತ 2: ಮೂಲ ಪಠ್ಯವನ್ನೇ ಓದಿ

ಪತ್ರಿಕಾ ವರದಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾರಾಂಶ, ಸಂಘದ ಸಭೆಯಲ್ಲಿ ಕೇಳಿದ ಮಾತು, ಯಾವುದನ್ನೂ ಆಧಾರವಾಗಿ ಹಿಡಿಯಬೇಡಿ. ಪತ್ರಿಕೆಗಳು ‘ಮಸೂದೆ’ ಎನ್ನುವುದನ್ನು ಅಧಿಕೃತ ಕಾಗದಗಳು ‘ವಿಧೇಯಕ’ ಎನ್ನುತ್ತವೆ. ಹುಡುಕುವಾಗ ಎರಡೂ ಪದ ಬಳಸಿ. ವಿಧಾನಮಂಡಲದ ಜಾಲತಾಣ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ ಮತ್ತು ಕರ್ನಾಟಕ ರಾಜ್ಯಪತ್ರ, ಈ ಮೂರು ಕಡೆ ಪ್ರತಿ ಸಿಗುತ್ತದೆ.

ಕೊನೆಯಿಂದ ಓದಲು ಆರಂಭಿಸಿ. ವಿಧೇಯಕದ ಕೊನೆಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಸರ್ಕಾರ ಇದನ್ನು ಏಕೆ ತರುತ್ತಿದೆ ಎಂಬುದು ಅಲ್ಲಿ ಸರಳವಾಗಿ ಬರೆದಿರುತ್ತದೆ. ನಿಮ್ಮ ತಿದ್ದುಪಡಿ ಆ ಉದ್ದೇಶಕ್ಕೆ ನೆರವಾಗುತ್ತದೆ ಎಂದು ತೋರಿಸಲು ಸಾಧ್ಯವಾದರೆ ಅರ್ಧ ಕೆಲಸ ಮುಗಿದಂತೆ. ನಂತರ ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ವಿಧೇಯಕದ ಖಂಡಗಳನ್ನು (ಕ್ಲಾಸ್) ಒಂದೊಂದಾಗಿ ಓದಿ. ತಿದ್ದುಪಡಿ ವಿಧೇಯಕದಲ್ಲಿ ‘11ನೇ ಪ್ರಕರಣದಲ್ಲಿ ಈ ಪದಗಳ ಬದಲಿಗೆ ಆ ಪದಗಳನ್ನು’ ಎಂದಷ್ಟೇ ಇರುತ್ತದೆ. ಮೂಲ ಕಾಯ್ದೆ ಎದುರಿಗೆ ಇಲ್ಲದಿದ್ದರೆ ಏನೂ ಅರ್ಥವಾಗುವುದಿಲ್ಲ.

ಹಂತ 3: ಬದಲಾಗಬೇಕಾದ ಸಾಲನ್ನು ನೀವೇ ಬರೆಯಿರಿ

ಇಡೀ ಕೆಲಸದ ತಿರುಳು ಇದು. ವಾರಗಟ್ಟಲೆ ಸಮಯ ಹಿಡಿದರೂ ಕೊಡಿ. ಸದನಕ್ಕೆ ದೂರಿನ ರೂಪದಲ್ಲಿ ಏನನ್ನೂ ಮಂಡಿಸಲಾಗದು, ಪದಗಳ ರೂಪದಲ್ಲಿ ಮಾತ್ರ ಸಾಧ್ಯ. ಶಾಸಕರಿಗೆ ನೂರು ವಿಷಯಗಳಿವೆ, ನಿಮ್ಮ ದೂರನ್ನು ತಿದ್ದುಪಡಿಯ ಭಾಷೆಗೆ ಇಳಿಸಿಕೊಡಲು ಅವರಿಗೆ ಸಿಬ್ಬಂದಿ ಇಲ್ಲ. ನೀವು ಬರೆದುಕೊಡದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಮಾದರಿಗಾಗಿ ಒಂದು ಕಲ್ಪಿತ ಖಂಡವನ್ನು ತೆಗೆದುಕೊಳ್ಳೋಣ. ಮಸೂದೆಯ 7ನೇ ಖಂಡ ಹೀಗಿದೆ ಎಂದುಕೊಳ್ಳಿ:

“ನೋಂದಣಿ ನವೀಕರಣಕ್ಕೆ ಅಗತ್ಯವಾದ ಎಲ್ಲ ಪ್ರಮಾಣಪತ್ರಗಳನ್ನು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು.”

ಜಗಳೂರಿನ ಹತ್ತು ಹಾಸಿಗೆಯ ಆಸ್ಪತ್ರೆಗೆ ಇದರಿಂದ ತೊಂದರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಗೆ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿದ್ದಾರೆ, ಇನ್ನೂ ಬಂದಿಲ್ಲ. ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿಯುತ್ತದೆ. ‘ಸಣ್ಣ ಆಸ್ಪತ್ರೆಗಳಿಗೆ ಕಿರುಕುಳ ನಿಲ್ಲಲಿ’ ಎಂದು ಬರೆದರೆ ಅದು ಘೋಷಣೆಯಾಯಿತು. ಬೇಕಾದದ್ದು ಈ ಸಾಲು:

“ಪರಂತು, ಯಾವುದೇ ಪ್ರಮಾಣಪತ್ರಕ್ಕಾಗಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದಿದ್ದಲ್ಲಿ, ಆ ಸ್ವೀಕೃತಿಯನ್ನು ತೊಂಬತ್ತು ದಿನಗಳ ಅವಧಿಗೆ ಸಾಕಷ್ಟೆಂದು ಪರಿಗಣಿಸತಕ್ಕದ್ದು.”

ಮೂಲ ಖಂಡ ಉಳಿಯಿತು, ಒಂದು ಪರಂತುಕ, ಅಂದರೆ ವಿನಾಯಿತಿ ಕೊಡುವ ಸಾಲು ಮಾತ್ರ ಸೇರಿತು. ಅಗ್ನಿ ಸುರಕ್ಷತೆಯ ಷರತ್ತನ್ನು ಯಾರೂ ತೆಗೆಯಲಿಲ್ಲ, ಸಮಯದ ಮಿತಿಯನ್ನೂ ನಾವೇ ಹಾಕಿಕೊಟ್ಟೆವು. ಸಚಿವರಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭ, ಏಕೆಂದರೆ ಒಪ್ಪಿಕೊಂಡರೂ ಸರ್ಕಾರ ಸೋತಂತೆ ಕಾಣುವುದಿಲ್ಲ. ‘7ನೇ ಖಂಡವನ್ನು ಕೈಬಿಡಿ’ ಎಂದು ಕೇಳುವವರು ಬರಿಗೈಯಲ್ಲಿ ಮರಳುವುದೇ ಹೆಚ್ಚು.

ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಕೆಲವು. ಒಂದೇ ಮನವಿಯಲ್ಲಿ ಹದಿನಾಲ್ಕು ಬೇಡಿಕೆ ತುಂಬುವುದು. ಎರಡು, ಹೆಚ್ಚೆಂದರೆ ಮೂರು ಇರಲಿ. ಸರ್ಕಾರದ ಬೊಕ್ಕಸದಿಂದ ಹೊಸ ಖರ್ಚು ಬೇಡುವ ತಿದ್ದುಪಡಿ ಬರೆಯುವುದು ಇನ್ನೊಂದು ತಪ್ಪು. ಸಂವಿಧಾನದ 207ನೇ ವಿಧಿಯಂತೆ ಅಂಥದ್ದಕ್ಕೆ ರಾಜ್ಯಪಾಲರ ಶಿಫಾರಸು ಬೇಕಾಗುತ್ತದೆ, ಶಾಸಕರೊಬ್ಬರು ತಾವಾಗಿ ಮಂಡಿಸಲಾಗದು. ಇನ್ನು, ಕಾನೂನಿನ ಕನ್ನಡದಲ್ಲಿ ‘ಪ್ರಕರಣ’, ‘ಖಂಡ’, ‘ಉಪಪ್ರಕರಣ’, ‘ಅನುಸೂಚಿ’ ಬೇರೆ ಬೇರೆ. ಕಾಯ್ದೆಯಲ್ಲಿರುವುದು ಪ್ರಕರಣ, ವಿಧೇಯಕದಲ್ಲಿರುವುದು ಖಂಡ. ಇವನ್ನು ಅದಲು ಬದಲು ಮಾಡಿದರೆ ಕಾನೂನು ಇಲಾಖೆಯವರು ಮೊದಲ ಸಾಲಿಗೇ ಕಾಗದ ಬದಿಗಿಡುತ್ತಾರೆ.

ಸಾಲು ಸಿದ್ಧವಾದ ಮೇಲೆ ನಿಮಗೆ ನೀವೇ ಕೇಳಿಕೊಳ್ಳಿ: ಇದರಿಂದ ರೋಗಿಗೆ ಏನು ಸಿಗುತ್ತದೆ? ಉತ್ತರ ಒಂದೇ ವಾಕ್ಯದಲ್ಲಿ ಬರದಿದ್ದರೆ ಆ ಬೇಡಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಸ್ಪತ್ರೆಯ ಲಾಭವನ್ನು ಮಾತ್ರ ಕಾಯುವ ಸಾಲಿಗೆ ಸದನದಲ್ಲಿ ಯಾರೂ ಬೆಂಬಲ ಸೂಚಿಸುವುದಿಲ್ಲ, ಸೂಚಿಸಲೂಬಾರದು.

ಹಂತ 4: ಊರಿನ ಲೆಕ್ಕ ಕೂಡಿಸಿ

ರಾಜ್ಯಮಟ್ಟದ ಅಂಕಿಅಂಶ ಶಾಸಕರಿಗೆ ಇಲಾಖೆಯಿಂದಲೇ ಸಿಗುತ್ತದೆ. ಅವರ ಬಳಿ ಇಲ್ಲದಿರುವುದು ಅವರದೇ ತಾಲ್ಲೂಕಿನ ಲೆಕ್ಕ. ತಾಲ್ಲೂಕಿನಲ್ಲಿ ಹೆರಿಗೆ ಮಾಡಿಸುವ ಖಾಸಗಿ ಆಸ್ಪತ್ರೆಗಳು ಎಷ್ಟು, ರಾತ್ರಿ ತೆರೆದಿರುವುದು ಎಷ್ಟು, ಈ ಖಂಡ ಜಾರಿಯಾದರೆ ಬಾಗಿಲು ಮುಚ್ಚುವ ಸ್ಥಿತಿಗೆ ಬರುವುದು ಎಷ್ಟು, ಆಗ ರೋಗಿಗಳು ಎಲ್ಲಿಗೆ ಹೋಗಬೇಕು? ಜಗಳೂರಿನವರು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬರಬೇಕು. ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ದೂರವನ್ನು ಕಿಲೋಮೀಟರಿನಲ್ಲಿ ಬರೆಯುವ ಬದಲು ರಾತ್ರಿ ಹನ್ನೆರಡಕ್ಕೆ ಯಾವ ವಾಹನ ಸಿಗುತ್ತದೆ, ಎಷ್ಟು ಹೊತ್ತು ಬೇಕು ಎಂದು ಬರೆಯಿರಿ.

ಈ ಲೆಕ್ಕವನ್ನು ನೀವೇ ಫೋನ್ ಮಾಡಿ, ಸುತ್ತಾಡಿ ಬರೆದುಕೊಳ್ಳಬೇಕು. ಇಲಾಖೆಯ ದಾಖಲೆ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ಇದನ್ನು ತಿಳಿಯದೆ ಮೂರು ಪುಟ ಬರೆದವರ ಅರ್ಜಿಗಳು ತಿರಸ್ಕೃತವಾಗಿ ಒಂದು ತಿಂಗಳು ಹಾಳಾಗುತ್ತದೆ.

ರೋಗಿಯೊಬ್ಬರ ಕಥೆ ಹೇಳುವುದಾದರೆ ಲಿಖಿತ ಒಪ್ಪಿಗೆ ಪಡೆಯಿರಿ, ಹೆಸರು ಮತ್ತು ಕಾಯಿಲೆಯ ವಿವರ ಬಿಟ್ಟುಬಿಡಿ. ರೋಗಿಯ ಚೀಟಿಯನ್ನು ಮನವಿಗೆ ಲಗತ್ತಿಸಿದ್ದನ್ನು ನೋಡಿದ್ದೇನೆ. ಅದು ದೊಡ್ಡ ಅಪರಾಧ ಎಂದೇ ನನ್ನ ಭಾವನೆ.

ಹಂತ 5: ಯಾರನ್ನು ಕಾಣಬೇಕು

ದಾವಣಗೆರೆ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಜಗಳೂರು, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಚಿತ್ರದುರ್ಗ ಜಿಲ್ಲೆಯಲ್ಲಿ ಆರು: ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಆಯಾ ಕ್ಷೇತ್ರದ ಆಸ್ಪತ್ರೆಯವರು, ಆಯಾ ಕ್ಷೇತ್ರದ ರೋಗಿಗಳು ತಮ್ಮ ಶಾಸಕರನ್ನೇ ಕಾಣಬೇಕು. ದಾವಣಗೆರೆ ನಗರದ ವೈದ್ಯರು ಹೋಗಿ ಹೊಸದುರ್ಗದ ಶಾಸಕರ ಮುಂದೆ ನಿಂತರೆ ಆ ಭೇಟಿಗೆ ತೂಕವಿಲ್ಲ.

ವಿಧಾನ ಪರಿಷತ್ತನ್ನು ನಮ್ಮವರು ಮರೆತೇಬಿಡುತ್ತಾರೆ. ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಸದಸ್ಯರು ಅಲ್ಲಿದ್ದಾರೆ, ವೈದ್ಯರು ಪದವೀಧರರು, ಶುಶ್ರೂಷಕರಲ್ಲೂ ಪದವೀಧರರಿದ್ದಾರೆ. ಚಿತ್ರದುರ್ಗ ಜಿಲ್ಲೆ ಮತ್ತು ದಾವಣಗೆರೆಯ ಹೆಚ್ಚಿನ ಭಾಗ ಆಗ್ನೇಯ ಪದವೀಧರರ ಕ್ಷೇತ್ರಕ್ಕೆ ಸೇರಿದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನೈರುತ್ಯ ಕ್ಷೇತ್ರದಲ್ಲಿವೆ. ಈ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ನಿಮ್ಮ ಆಸ್ಪತ್ರೆಯ ಎಷ್ಟು ಮಂದಿ ಹೆಸರು ಸೇರಿಸಿದ್ದಾರೆ ಎಂದು ಮೊದಲು ನೋಡಿಕೊಳ್ಳಿ. ಪರಿಷತ್ತು ಸಾಮಾನ್ಯ ಮಸೂದೆಯನ್ನು ಕೊನೆಯವರೆಗೆ ತಡೆಯಲಾರದು. 197ನೇ ವಿಧಿಯಂತೆ ಮೊದಲ ಬಾರಿ ಮೂರು ತಿಂಗಳು, ಎರಡನೇ ಬಾರಿ ಒಂದು ತಿಂಗಳು ಮಾತ್ರ ವಿಳಂಬವಾಗಬಹುದು. ಆದರೆ ವಿಧಾನಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯಿಲ್ಲದೆ ಸಾಗಿದ ಮಸೂದೆಯ ಒಂದು ಸಾಲು ಪರಿಷತ್ತಿನಲ್ಲಿ ಸಮಾಧಾನವಾಗಿ ಚರ್ಚೆಗೆ ಬರುವ ಅವಕಾಶ ಇದೆ.

ಆಡಳಿತ ಪಕ್ಷ, ವಿರೋಧ ಪಕ್ಷ ಇಬ್ಬರಿಗೂ ಅದೇ ಒಂದು ಪುಟವನ್ನು ಕೊಡಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಬೇರೊಂದು ಕೊಟ್ಟರೆ ಒಂದು ದಿನ ಸಿಕ್ಕಿಬೀಳುತ್ತೀರಿ, ಮತ್ತೆಂದೂ ನಿಮ್ಮನ್ನು ನಂಬುವುದಿಲ್ಲ.

ಹಂತ 6: ಯಾವಾಗ

ಮಸೂದೆ ಮಂಡನೆಯಾದ ಮೇಲೆ ಎಚ್ಚರಗೊಂಡರೆ ಈಗಾಗಲೇ ತಡವಾಗಿದೆ. ಸಾಮಾನ್ಯವಾಗಿ ಬಜೆಟ್ ಅಧಿವೇಶನ ವರ್ಷದ ಆರಂಭದ ತಿಂಗಳುಗಳಲ್ಲಿ, ಇನ್ನೊಂದು ಮಳೆಗಾಲದಲ್ಲಿ, ಚಳಿಗಾಲದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದೆಂದು ಸಂವಿಧಾನ ಹೇಳುತ್ತದೆ. ಅಧಿವೇಶನವಿಲ್ಲದ ವಾರಗಳಲ್ಲಿ ಶಾಸಕರು ಊರಿನಲ್ಲಿರುತ್ತಾರೆ, ಕುಳಿತು ಓದುತ್ತಾರೆ. ಅಧಿವೇಶನ ಆರಂಭವಾದ ಮೇಲೆ ಬೆಂಗಳೂರಿನ ಶಾಸಕರ ಭವನದ ಮೆಟ್ಟಿಲಲ್ಲಿ ಕೊಟ್ಟ ಕಾಗದವನ್ನು ಯಾರೂ ತೆರೆಯುವುದಿಲ್ಲ.

2017ರ ಕೆ.ಪಿ.ಎಂ.ಇ. ತಿದ್ದುಪಡಿಯನ್ನು ನೆನಪಿಸಿಕೊಳ್ಳಿ. ಜೂನ್‌ನಲ್ಲಿ ಮಸೂದೆ ಮಂಡನೆಯಾಯಿತು, ಎರಡೂ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರ ಮುಷ್ಕರ ರಾಜ್ಯವನ್ನೇ ಕಾಡಿತು, ರೋಗಿಗಳು ಊರೂರು ಅಲೆದರು. ಆಮೇಲೆ ಬೆಳಗಾವಿ ಅಧಿವೇಶನದಲ್ಲಿ ಕಾನೂನಾಯಿತು. ನನ್ನ ದೃಷ್ಟಿಯಲ್ಲಿ ಕೆಲಸ ಮಾಡಬೇಕಿದ್ದದ್ದು ಜೂನ್‌ನಿಂದ ಸಮಿತಿಯ ವರದಿ ಬರುವವರೆಗಿನ ಆ ತಿಂಗಳುಗಳಲ್ಲಿ. ಪಠ್ಯ ಬದಲಾವಣೆಗೆ ತೆರೆದಿರುವುದು ಸಮಿತಿಯ ಮುಂದೆ. ಅಲ್ಲಿ ಲಿಖಿತ ಅಭಿಪ್ರಾಯ ಕೊಡಬಹುದು, ಹಾಜರಾಗಲು ಅನುಮತಿಯನ್ನೂ ಕೇಳಬಹುದು. ಮುಷ್ಕರದ ಹೊತ್ತಿಗೆ ಜನರ ಸಹಾನುಭೂತಿ ರೋಗಿಗಳ ಕಡೆಗೆ ಹೋಗಿರುತ್ತದೆ. ಹೋಗಬೇಕಾದದ್ದೂ ಅಲ್ಲಿಗೇ.

ಪ್ರಶ್ನೆ ಕೇಳಿಸುವುದು ಒಳ್ಳೆಯ ಮೊದಲ ಹೆಜ್ಜೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು, ಏಕೆಂದರೆ ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಪ್ರಶ್ನೆಗೆ ಮುಂಚಿತ ಸೂಚನೆ ಬೇಕಾದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪ್ರಶ್ನೆಯ ಪಠ್ಯವನ್ನು ಕೊಡಿ.

ಹಂತ 7: ಭೇಟಿ

ನಾಲ್ಕು ಜನಕ್ಕಿಂತ ಹೆಚ್ಚು ಹೋಗಬೇಡಿ. ಒಬ್ಬ ವೈದ್ಯರು, ಒಬ್ಬ ನರ್ಸ್ ಅಥವಾ ಆಡಳಿತದವರು, ಕಾನೂನು ತಿಳಿದವರು, ಅದೇ ಕ್ಷೇತ್ರದ ಒಬ್ಬ ರೋಗಿ ಅಥವಾ ಅವರ ಕಡೆಯವರು. ಆಪ್ತ ಸಹಾಯಕರಿಗೆ ಎರಡು ದಿನ ಮೊದಲೇ ಫೋನ್ ಮಾಡಿ, ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಿ. ಮುಂದಿನ ಎಲ್ಲ ಕೆಲಸವೂ ಆಪ್ತ ಸಹಾಯಕರ ಮೂಲಕವೇ ನಡೆಯುವುದರಿಂದ ಅವರಿಗೂ ಒಂದು ಪ್ರತಿ ಕೊಡಬೇಕು.

ಒಂದು ಪುಟದಲ್ಲಿ ಮೇಲೆ ವಿಧೇಯಕದ ಹೆಸರು, ಖಂಡದ ಸಂಖ್ಯೆ. ಕೆಳಗೆ ‘ಈಗಿರುವ ಸಾಲು’, ‘ಬೇಕಾದ ಸಾಲು’. ಅದರ ಕೆಳಗೆ ರೋಗಿಗೆ ಆಗುವ ಅನುಕೂಲ, ತಾಲ್ಲೂಕಿನ ಲೆಕ್ಕ, ಸಂಪರ್ಕಿಸಬೇಕಾದ ಒಬ್ಬರ ಹೆಸರು ಮತ್ತು ಫೋನ್ ಸಂಖ್ಯೆ. ಅಷ್ಟೇ. ಅಕ್ಷರ ದೊಡ್ಡದಿರಲಿ, ಕಾರಿನಲ್ಲಿ ಹೋಗುತ್ತಾ ಓದುವ ಹಾಗಿರಬೇಕು.

ಮಾತಿಗೆ ಐದು ನಿಮಿಷ ಸಿಗುತ್ತದೆ. ಬೇಕಾದ ಸಾಲನ್ನು ಮೊದಲು ಓದಿಬಿಡಿ, ವಿವರಣೆ ಆಮೇಲೆ. “ಇದನ್ನು ವಿರೋಧಿಸುವವರು ಯಾರು?” ಎಂದು ಅವರು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ರೋಗಿಗಳ ಸಂಘಟನೆಯ ಆಕ್ಷೇಪ ಇಂಥದ್ದು, ಇಲಾಖೆಯ ಆಕ್ಷೇಪ ಇಂಥದ್ದು, ನಮ್ಮ ಉತ್ತರ ಇದು ಎಂದು ಹೇಳಿದರೆ ಶಾಸಕರು ಸದನದಲ್ಲಿ ಪೇಚಿಗೆ ಸಿಲುಕುವುದಿಲ್ಲ. ಹೊರಡುವ ಮುನ್ನ ಸ್ಪಷ್ಟವಾಗಿ ಒಂದನ್ನು ಕೇಳಿ: ತಿದ್ದುಪಡಿ ಸೂಚನೆ ಕೊಡುತ್ತೀರಾ, ಪ್ರಶ್ನೆ ಹಾಕುತ್ತೀರಾ, ಸಚಿವರಿಗೆ ಪತ್ರ ಬರೆಯುತ್ತೀರಾ?

ಶಾಲು, ಹಾರ ಬೇಡ. ಕವರು, ಉಡುಗೊರೆ, ದೇಣಿಗೆಯ ಮಾತು ಸುಳಿಯಲೇಬಾರದು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆಯಿದೆ.

ಅಪಾಯದ ಸೂಚನೆಗಳು

“ಬೆಂಗಳೂರಿನಲ್ಲಿ ನನಗೆ ಗೊತ್ತಿರುವವರಿದ್ದಾರೆ, ಖರ್ಚು ನೋಡಿಕೊಂಡರೆ ಮಾಡಿಸಿಕೊಡುತ್ತೇನೆ” ಎನ್ನುವವರು ಎದುರಾದರೆ ಅಲ್ಲಿಗೇ ಮಾತು ನಿಲ್ಲಿಸಿ. ಮನವಿಯ ಮೇಲೆ ‘ಸೂಕ್ತ ಕ್ರಮಕ್ಕಾಗಿ’ ಎಂದು ಬಿದ್ದು ಅದು ಜಿಲ್ಲೆಯ ಕಚೇರಿಗೆ ಹೋದರೆ ನಿಮ್ಮ ವಿಷಯ ಶಾಸಕರಿಗೆ ಅರ್ಥವಾಗಿಲ್ಲ, ಮತ್ತೆ ಹೋಗಬೇಕು. ಆಪ್ತ ಸಹಾಯಕರು ಮೂರನೇ ಬಾರಿಯೂ ‘ನೋಡೋಣ’ ಎಂದರೆ ಬೇರೆ ಸದಸ್ಯರನ್ನು ಹುಡುಕಿ. ನಿಮ್ಮ ಗುಂಪಿನಲ್ಲೇ ಒಬ್ಬರು ತಮ್ಮ ಆಸ್ಪತ್ರೆಯ ಬಾಕಿ ಪ್ರಕರಣವನ್ನು ನಡುವೆ ತಂದರೆ ಅವರನ್ನು ಮುಂದಿನ ಭೇಟಿಗೆ ಕರೆದೊಯ್ಯಬೇಡಿ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಭರವಸೆ ಬೇಡುವುದು ವ್ಯರ್ಥ, ಕೊಟ್ಟರೂ ಅದಕ್ಕೆ ಬೆಲೆಯಿಲ್ಲ.

ಹಂತ 8: ಭೇಟಿಯ ನಂತರ, ಮತ್ತು ಕಾನೂನಾದ ನಂತರ

ಅಂದೇ ಸಂಜೆ ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾರನ್ನು ಕಂಡೆವು, ಏನು ಒಪ್ಪಿದರು, ಯಾವ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಮೂರು ದಿನದೊಳಗೆ ಕಳುಹಿಸಿ. ಶಾಸಕರು ಮಾತನಾಡಿದರೆ ಸದನದ ನಡವಳಿಯ ಪ್ರತಿ ಪಡೆದು ಕಡತದಲ್ಲಿಡಿ. ತಿದ್ದುಪಡಿ ಬಿದ್ದುಹೋದರೂ ಸಚಿವರು “ನಿಯಮ ರಚಿಸುವಾಗ ಪರಿಗಣಿಸುತ್ತೇವೆ” ಎಂದಿರಬಹುದು. ಆ ಒಂದು ವಾಕ್ಯವನ್ನು ಕಳೆದುಕೊಳ್ಳಬೇಡಿ.

ರಾಜ್ಯಪಾಲರ ಅಂಕಿತ ಬಿದ್ದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ, ಆದರೆ ಶುಲ್ಕ, ಹಾಸಿಗೆಗೆ ಇಷ್ಟು ಸಿಬ್ಬಂದಿ, ತಪಾಸಣೆಯ ನಮೂನೆಗಳಂಥ ವಿವರಗಳು ಬರುವುದು ನಿಯಮಗಳಲ್ಲಿ. ಕರಡು ನಿಯಮವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಮತ್ತು ಸಲಹೆ ಕರೆಯುವಾಗ ಕೊನೆಯ ದಿನವನ್ನೂ ಕೊಟ್ಟಿರುತ್ತಾರೆ. ವಾರಕ್ಕೊಮ್ಮೆ ರಾಜ್ಯಪತ್ರ ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಿ, ರಜೆ ಹೋದರೆ ಇನ್ನೊಬ್ಬರು ನೋಡಲಿ. ಕರಡು ಕಂಡ ದಿನವೇ ಮೂರನೇ ಹಂತಕ್ಕೆ ಮರಳಿ, ಈಗಿರುವ ಸಾಲು, ಬೇಕಾದ ಸಾಲು ಎಂದು ಬರೆದು, ಇಲಾಖೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಅಂತಿಮ ನಿಯಮಗಳು ಸದನದ ಮುಂದೆ ಮಂಡನೆಯಾಗುತ್ತವೆ, ಅವನ್ನು ಪರಿಶೀಲಿಸಲು ವಿಧಾನಮಂಡಲದ ಅಧೀನ ಶಾಸನ ಸಮಿತಿ ಇದೆ. ನಿಯಮವು ಕಾಯ್ದೆಯ ಮಿತಿ ಮೀರಿದೆ ಎನಿಸಿದರೆ ಆ ಸಮಿತಿಯಲ್ಲಿ ನಿಮ್ಮ ಜಿಲ್ಲೆಯ ಸದಸ್ಯರಿದ್ದಾರೆಯೇ ಎಂದು ನೋಡಿ, ಅದೇ ಒಂದು ಪುಟ ಹಿಡಿದು ಅವರ ಬಳಿ ಹೋಗಿ.